ರಕ್ತ ತೆಳ್ಳಗಾಗುವ ಮಾತ್ರೆ ತಗೊಂಡರೂ ಕಾಲಲ್ಲಿ ಹೆಪ್ಪುಗಟ್ಟಿತಾ?

ಪ್ರಶ್ನೆ: ನಮ್ಮ ತಂದೆಗೆ ಹಾರ್ಟ್ ಫೇಲ್ಯೂರ್ ಇದೆ. ದಿನಾ ರಕ್ತ ತೆಳ್ಳಗಾಗುವ ಮಾತ್ರೆ ತಗೋತಾರೆ. ಆದರೂ ಎಡಗಾಲಿನ ಒಳಗಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂತ ಸ್ಕ್ಯಾನಿಂಗ್‌ನಲ್ಲಿ ಬಂದಿದೆ. ಹಾರ್ಟಿಗೂ ಕಾಲಿಗೂ ಏನು ಸಂಬಂಧ?

ಉತ್ತರ: ಇದೇ ಪ್ರಶ್ನೆ ಈ ಸಲ ಆಲೂರಿನಿಂದ ಬಂದಿದೆ. ಹೋದ ತಿಂಗಳು ಬೇಲೂರು, ಅದಕ್ಕೂ ಮುಂಚೆ ಮೂಡಿಗೆರೆ. ಎಷ್ಟು ಸಲ ಬರೆದೆನೋ, ಲೆಕ್ಕ ಬಿಟ್ಟಿದ್ದೇನೆ.

ಸಂಬಂಧ ಸುಲಭ. ಹಾರ್ಟ್ ಫೇಲ್ಯೂರ್ ಅಂದರೆ ಪಂಪು ಸೋತಿದೆ ಅಂತ. (2025ರಲ್ಲಿ ಹಾಸನವನ್ನೆಲ್ಲ ಹೆದರಿಸಿದ ಹೃದಯಾಘಾತ ಬೇರೆ, ಇದು ಬೇರೆ.) ಪಂಪು ಎಳೆಯದಿದ್ದರೆ ಕಾಲಿಂದ ಮೇಲೆ ಬರಬೇಕಾದ ರಕ್ತ ಅಲ್ಲಲ್ಲೇ ತಡೆಯುತ್ತದೆ. ಏದುಸಿರು ಅಂತ ಮನುಷ್ಯ ಕುರ್ಚಿ ಬಿಟ್ಟು ಏಳುವುದಿಲ್ಲ. ನಡೆದರೆ ತಾನೇ ಮೀನಖಂಡ ರಕ್ತವನ್ನು ಮೇಲಕ್ಕೆ ಒತ್ತುವುದು? ಸಾಲದ್ದಕ್ಕೆ ಈ ಕಾಯಿಲೆಯಲ್ಲಿ ರಕ್ತ ಹೆಪ್ಪುಗಟ್ಟುವ ಗುಣವೇ ಜಾಸ್ತಿ.

ಈಗ ಆ 'ತೆಳ್ಳಗಾಗುವ ಮಾತ್ರೆ'ಗೆ ಬರೋಣ. ಯಾವ ಮಾತ್ರೆಯೂ ರಕ್ತವನ್ನು ತೆಳ್ಳಗೆ ಮಾಡುವುದಿಲ್ಲ. ಬೇಗ ಅರ್ಥವಾಗಲಿ ಅಂತ ನಾವು ಡಾಕ್ಟರುಗಳೇ ಹೇಳಿಕೊಟ್ಟ ಮಾತು ಅದು, ಈಗ ಅನುಭವಿಸುತ್ತಿದ್ದೇವೆ. ಮೊಸರಿಗೆ ಹೆಪ್ಪು ಹಾಕುವವರಿಗೆ ಇದನ್ನು ಹೇಳಬೇಕಾಗಿಯೇ ಇಲ್ಲ. ಹಾಲಿಗೆ ಎಷ್ಟು ನೀರು ಬೆರೆಸಿದ್ದರೂ ಹೆಪ್ಪು ಬಿದ್ದರೆ ಬೆಳಗ್ಗೆ ಹೆತ್ತುಕೊಂಡೇ ಇರುತ್ತದೆ, ಅಲ್ವಾ? ಮಾತ್ರೆ ತಡೆಯುವುದು ಹೆಪ್ಪಿನ ಕೆಲಸವನ್ನು. ಆ ಕೆಲಸ ಮಾಡುವವರು ಇಬ್ಬರು. ಒಬ್ಬ ಪ್ಲೇಟ್‌ಲೆಟ್, ಡೆಂಗಿ ಬಂದಾಗ ಎಣಿಸುತ್ತಾರಲ್ಲ, ಅದೇ. ರಕ್ತ ರಭಸವಾಗಿ ಹರಿಯುವ ಹೃದಯದ ನಾಳಗಳಲ್ಲಿ ಇವನದೇ ಕಾರುಬಾರು. ನಿಮ್ಮ ತಂದೆಯವರ ಮಾತ್ರೆ ಆಸ್ಪಿರಿನ್ ಆಗಿದ್ದರೆ ಅದು ಹಿಡಿಯುವುದು ಇವನನ್ನು. ಕಾಲಿನಲ್ಲಿ ರಕ್ತ ನಿಧಾನ. ಅಲ್ಲಿ ಕಟ್ಟುವುದು ಫೈಬ್ರಿನ್ ಅನ್ನುವ ನೂಲಿನ ಬಲೆ. ಅದನ್ನು ತಡೆಯಲು ಹೆಪಾರಿನ್, ವಾರ್ಫರಿನ್, ಅಪಿಕ್ಸಬಾನ್, ರಿವರೊಕ್ಸಬಾನ್ ಥರದವು ಬೇಕು. ಆಸ್ಪಿರಿನ್ನಿಂದ ಅಲ್ಪಸ್ವಲ್ಪ ತಡೆ ಸಿಗಬಹುದು. ಆದರೆ ಆಗಲೇ ಕಟ್ಟಿರುವ ಹೆಪ್ಪಿಗೆ ಅದು ಔಷಧಿಯಲ್ಲ. ಮಾತ್ರೆ ಡಬ್ಬಿ ತೆಗೆದು ಸ್ಟ್ರಿಪ್ಪಿನ ಹಿಂದೆ ಏನಿದೆ ಓದಿ. ಹಾಗಂತ ಎರಡನ್ನೂ ನೀವೇ ಸೇರಿಸಿ ಕೊಡಬೇಡಿ, ರಕ್ತಸ್ರಾವ ಆದೀತು.

ಹಾರ್ಟಿನ ಬಾವು ಸಾಮಾನ್ಯವಾಗಿ ಎರಡೂ ಕಾಲಿಗೆ ಬರುತ್ತದೆ, ಬೆರಳಿಟ್ಟು ಒತ್ತಿದರೆ ಗುಳಿ ಬೀಳುತ್ತದೆ. ಹೆಪ್ಪುಗಟ್ಟಿದ್ದರೆ ಹೆಚ್ಚಾಗಿ ಒಂದೇ ಕಾಲು ದಪ್ಪ, ಬಿಸಿ, ನೋವು. ಆಗಲೇ ಊದಿರುವ ಕಾಲಿನಲ್ಲಿ ಇದು ಕಣ್ಣಿಗೆ ಕಾಣದು. ಟೈಲರ್ ಟೇಪು ಹಿಡಿಯಿರಿ. ಮಂಡಿಚಿಪ್ಪಿನ ಕೆಳಗೆ ಮೂಳೆಯ ಉಬ್ಬು ಇದೆಯಲ್ಲ, ಅಲ್ಲಿಂದ 10 ಸೆಂ.ಮೀ. ಕೆಳಗೆ ಎರಡೂ ಕಾಲಿನ ಸುತ್ತಳತೆ ನೋಡಿ. 3 ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಎಣ್ಣೆ ಹಚ್ಚಿ ತಿಕ್ಕುವುದು ಮಾತ್ರ ಬೇಡ. ಕಾಲಿನ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗುತ್ತದೆ ಅಂತ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ 19ನೇ ಶತಮಾನದಲ್ಲೇ ತೋರಿಸಿದ್ದ. ಆಗ ಬರುವ ದಿಢೀರ್ ಉಬ್ಬಸವನ್ನು ಮನೆಯವರು 'ಹಾರ್ಟಿಂದೇ ಇರಬೇಕು' ಅಂದುಕೊಂಡು ಬೆಳಗಾಗಲಿ ಅಂತ ಕಾಯುತ್ತಾರೆ. ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ನೀವು ಕೇಳಿಲ್ಲ, ಆದರೂ ಬಸ್ಸಿನ ವಿಷಯ ಹೇಳಿಬಿಡುತ್ತೇನೆ. ಚೆಕಪ್ಪಿಗೆ ಅಂತ ಬೆಂಗಳೂರಿಗೆ ಹೊರಡುವ ದಿನ ಅರ್ಧ ಜನ ನೀರಿನ ಮಾತ್ರೆ (ಮೈಯಲ್ಲಿ ತುಂಬಿದ ನೀರನ್ನು ಮೂತ್ರದಲ್ಲಿ ಇಳಿಸುವ ಮಾತ್ರೆ) ನುಂಗುವುದಿಲ್ಲ. ದಾರಿಯಲ್ಲಿ ಮೂತ್ರಕ್ಕೆ ಅವಸರವಾದರೆ ಅನ್ನುವ ಭಯ. ನ್ಯಾಯವಾದ ಭಯವೇ. ಆದರೆ ಮಾತ್ರೆ ಬಿಡುವ ಬದಲು, ಅವತ್ತು ಊರು ತಲುಪಿದ ಮೇಲೆ ತಗೊಳ್ಳಬಹುದಾ ಅಂತ ಡಾಕ್ಟರನ್ನು ಮೊದಲೇ ಕೇಳಿಕೊಳ್ಳಿ. 4 ಗಂಟೆಗಿಂತ ಹೆಚ್ಚು ಹೊತ್ತು ಅಲುಗಾಡದೆ ಕೂತು ಪ್ರಯಾಣ ಮಾಡಿದರೆ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ದುಪ್ಪಟ್ಟಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ವಿಮಾನ ಅಂತಲ್ಲ, ಬಸ್ಸು, ಕಾರು, ರೈಲು ಎಲ್ಲಕ್ಕೂ ಇದೇ ಲೆಕ್ಕ. ಚಿಕ್ಕಮಗಳೂರಿಂದ ಹೊರಟರೆ 4 ಗಂಟೆ ಆಗಿಯೇ ಆಗುತ್ತದೆ. 'ಚೆನ್ನಾಗಿ ನೀರು ಕುಡೀರಿ' ಅನ್ನುವ ಸಲಹೆ ಹಾರ್ಟ್ ಫೇಲ್ಯೂರ್ ಇರುವವರಿಗಲ್ಲ, ಇವರದು ಡಾಕ್ಟರು ಹೇಳಿದ ಅಳತೆ ನೀರು. ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸುತ್ತಿರಲಿ. ಬೆಳ್ಳೂರು ಕ್ರಾಸಿನಲ್ಲಿ ಬಸ್ಸು ನಿಂತಾಗ ಇಳಿಸಿ, ಒಂದು ಸುತ್ತು ನಡೆಸಿ. ಕಿಟಕಿ ಸೀಟು ನೀವು ತಗೊಳ್ಳಿ, ತಂದೆಯವರು ಕಾಲು ಚಾಚೋಕೆ ಓಡಾಡುವ ಕಡೆಯ ಸೀಟಲ್ಲಿ ಕೂರಲಿ.