ಗಾಡಿ ನಂಬರ್ ಮೇಲಿನ ಕೇಸು ಎಲ್ಲೆಲ್ಲಿ ಕೂತಿರುತ್ತದೆ?

ಹಾಸನದಲ್ಲಿ ಹಳೇ ಬೈಕು ಕೊಳ್ಳಲು ಹೋದವರು ಈಗ ಟೈರು, ಎಂಜಿನ್ ನೋಡುವ ಮೊದಲೇ ಕೇಳುವ ಪ್ರಶ್ನೆ ಒಂದಿದೆ: ‘ಗಾಡಿ ಮೇಲೆ ಕೇಸೇನಾದ್ರೂ ಇದ್ಯಾ?’ ಮೊದಲು ಕೇಸು ಬೀಳುತ್ತಿದ್ದದ್ದು ಹ್ಯಾಂಡಲ್ ಹಿಡಿದವನ ಮೇಲೆ. ಈಗ ಬೀಳುವುದು ನಂಬರ್ ಪ್ಲೇಟಿನ ಮೇಲೆ. ಯಾರು ಓಡಿಸಿದರೂ ಲೆಕ್ಕ ಹೋಗಿ ಸೇರುವುದು ಆರ್‌ಸಿಯಲ್ಲಿ ಹೆಸರಿದ್ದವರ ತಲೆಗೆ. ಈ ಬದಲಾವಣೆ ಹೇಗಾಯಿತು ಎಂದು ಗೊತ್ತಿಲ್ಲದಿದ್ದರೆ ತನ್ನ ಗಾಡಿಯ ಕೇಸನ್ನು ಹುಡುಕುವುದೂ ಕಷ್ಟ, ಮುಗಿಸುವುದೂ ಕಷ್ಟ.

ಬಿ.ಎಂ. ರಸ್ತೆಯಲ್ಲೋ ಎನ್.ಆರ್. ಸರ್ಕಲ್ಲಿನಲ್ಲೋ ಪೊಲೀಸರು ಗಾಡಿ ಅಡ್ಡಹಾಕಿ, ರಸೀದಿ ಪುಸ್ತಕದಲ್ಲಿ ಕಾರ್ಬನ್ ಇಟ್ಟು ಬರೆದು, ಸ್ಥಳದಲ್ಲೇ ದಂಡ ಕಟ್ಟಿಸಿಕೊಳ್ಳುತ್ತಿದ್ದ ಕಾಲ ಬಹಳ ಹಿಂದಿನದಲ್ಲ. ದುಡ್ಡು ಕಟ್ಟಿದರೆ ವಿಷಯ ಅಲ್ಲಿಗೆ ಮುಗಿಯಿತು. ಕಟ್ಟದಿದ್ದರೆ ಡಿಎಲ್ಲೋ ಆರ್‌ಸಿಯೋ ಅವರ ಕೈಸೇರುತ್ತಿತ್ತು, ಬಿಡಿಸಿಕೊಳ್ಳಲು ಸ್ಟೇಷನ್ನಿಗೋ ಕೋರ್ಟಿಗೋ ಹೋಗಬೇಕಿತ್ತು. ಇದಕ್ಕೆಲ್ಲ ಆಧಾರ 1989ರ ಜುಲೈ 1ರಂದು ಜಾರಿಗೆ ಬಂದ 1988ರ ಮೋಟಾರು ವಾಹನ ಕಾಯ್ದೆ. ಅದರ 200ನೇ ಕಲಂ ಸಣ್ಣ ತಪ್ಪುಗಳನ್ನು ಕೋರ್ಟಿನ ಹೊರಗೇ ದಂಡ ಕಟ್ಟಿ ಮುಗಿಸಲು ಬಿಡುತ್ತದೆ. 208ನೇ ಕಲಂ ಇನ್ನೊಂದು ದಾರಿ ಕೊಡುತ್ತದೆ. ಕೋರ್ಟಿನ ಸಮನ್ಸ್ ಬಂದರೂ ಖುದ್ದಾಗಿ ಹೋಗದೆ, ತಪ್ಪೊಪ್ಪಿಕೊಂಡು ಪತ್ರ ಬರೆದು, ಸಮನ್ಸಿನಲ್ಲಿ ಹೇಳಿದ ಮೊತ್ತ ಕಳಿಸಿದರೆ ಸಾಕು. ಇಂಥ ಸೌಲಭ್ಯ 1939ರ ಹಳೇ ಕಾಯ್ದೆಯಲ್ಲೂ ಇತ್ತು. ಇವತ್ತು ಕೋರ್ಟಿಗೆ ಹೋಗದೆ ಆನ್‌ಲೈನಿನಲ್ಲೇ ದಂಡ ಕಟ್ಟಿ ಕೇಸು ಮುಗಿಸುವ ವರ್ಚುವಲ್ ಕೋರ್ಟನ್ನು ಹೊಸ ಆವಿಷ್ಕಾರ ಎನ್ನುವವರು ಇದನ್ನು ನೆನಪಿಡಬೇಕು. ಅಂಚೆಯಲ್ಲಿ ಆಗುತ್ತಿದ್ದ ಕೆಲಸ ಈಗ ಮೊಬೈಲಿನಲ್ಲಿ ಆಗುತ್ತಿದೆ.

ಆ ವ್ಯವಸ್ಥೆಯಲ್ಲಿ ದೋಷ ಬೇಕಾದಷ್ಟಿತ್ತು. ರಸೀದಿ ಇಲ್ಲದೆ ಕೈಬದಲಾಗುವ ದುಡ್ಡಿನ ದೂರು ಎಲ್ಲ ಊರಿನಲ್ಲೂ ಕೇಳಿಬರುತ್ತಿತ್ತು. ಆದರೆ ತನ್ನ ಮೇಲೆ ಕೇಸು ಬಿದ್ದಿದೆ ಎಂಬುದು ಮಾತ್ರ ಸಿಕ್ಕಿಬಿದ್ದವನಿಗೆ ಆ ಕ್ಷಣವೇ ತಿಳಿಯುತ್ತಿತ್ತು.

ಕೈಯಲ್ಲಿ ಹಿಡಿಯುವ ಯಂತ್ರ, ಕಂಬದ ಮೇಲಿನ ಕ್ಯಾಮೆರಾ ಬಂದಮೇಲೆ ಇದು ತಿರುವುಮುರುವಾಯಿತು. ಪೊಲೀಸರು ಗಾಡಿ ನಿಲ್ಲಿಸಬೇಕಾಗಿಲ್ಲ, ಫೋಟೊ ಸಾಕು. ಮೋಟಾರು ವಾಹನ ಕಾಯ್ದೆಗೆ ತಂದ ತಿದ್ದುಪಡಿಯ ಹೊಸ ದಂಡಗಳು 2019ರ ಸೆಪ್ಟೆಂಬರ್ 1ರಿಂದ ಜಾರಿಯಾದವು. ಅದೇ ತಿದ್ದುಪಡಿ 136ಎ ಕಲಂ ಸೇರಿಸಿ ಕ್ಯಾಮೆರಾ ನಿಗಾಕ್ಕೆ ಕಾನೂನಿನ ಬಲ ಕೊಟ್ಟಿತು. ಹೆಲ್ಮೆಟ್ ಇಲ್ಲದಿದ್ದರೆ ಮೊದಲು ಇದ್ದದ್ದು 100 ರೂಪಾಯಿ ದಂಡ. ಹೊಸ ಕಾಯ್ದೆ ಅದನ್ನು 1,000ಕ್ಕೆ ಏರಿಸಿತು. ಜನರ ಆಕ್ರೋಶ ಕಂಡ ರಾಜ್ಯ ಸರ್ಕಾರ ಅದೇ ತಿಂಗಳು 500ಕ್ಕೆ ಇಳಿಸಿತು. ಎಲ್ಲರ ಗಮನ ದಂಡದ ಮೊತ್ತದ ಮೇಲಿದ್ದುದರಿಂದ, ಕೇಸಿನ ದಾಖಲೆ ಯಾರ ಹೆಸರಲ್ಲಿ, ಎಲ್ಲಿ ಇರುತ್ತದೆ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ಎರಡು ವರ್ಷದ ಬಳಿಕ, 2021ರ ಆಗಸ್ಟ್‌ನಲ್ಲಿ, ಕೇಂದ್ರದ ಮೋಟಾರು ವಾಹನ ನಿಯಮಾವಳಿಗೆ 167ಎ ನಿಯಮ ಸೇರಿತು. ಕ್ಯಾಮೆರಾದಲ್ಲಿ ಸೆರೆಯಾದ ತಪ್ಪಿಗೆ 15 ದಿನದೊಳಗೆ ನೋಟಿಸ್ ಕಳಿಸಬೇಕು, ಕೇಸು ಮುಗಿಯುವವರೆಗೆ ಆ ವಿದ್ಯುನ್ಮಾನ ದಾಖಲೆ ಇಟ್ಟುಕೊಂಡಿರಬೇಕು ಎಂದು ಅದು ಹೇಳಿತು. ನಿಯಮ ಚೆನ್ನಾಗಿದೆ. ಆದರೆ ನೋಟಿಸ್ ಹೋಗುವುದು ವಾಹನದ ದಾಖಲೆಯಲ್ಲಿರುವ ವಿಳಾಸಕ್ಕೆ, ಎಸ್‌ಎಂಎಸ್ ಹೋಗುವುದು ಅಲ್ಲಿರುವ ನಂಬರಿಗೆ. ತೊಡಕೆಲ್ಲ ಇರುವುದು ಇಲ್ಲೇ.

ಹಾಸನ ಜಿಲ್ಲೆಯ ಮಟ್ಟಿಗೆ ಇದರ ಅರ್ಥವೇನು ನೋಡಿ. ಅರಕಲಗೂಡಿನಲ್ಲೋ ಹೊಳೆನರಸೀಪುರದಲ್ಲೋ ಇರುವ ಅಪ್ಪನ ಹೆಸರಿನ ಕೆಎ–13 ಬೈಕನ್ನು ಮಗ ಬೆಂಗಳೂರಿಗೆ ಒಯ್ದಿರುತ್ತಾನೆ. ಅಲ್ಲಿ ಸಿಗ್ನಲ್ ದಾಟಿದ್ದು, ಹಿಂದೆ ಕೂತವರಿಗೆ ಹೆಲ್ಮೆಟ್ ಇಲ್ಲದ್ದು, ಎಲ್ಲವೂ ಅಪ್ಪನ ಲೆಕ್ಕಕ್ಕೆ ಸೇರುತ್ತವೆ. ಅಪ್ಪನ ಫೋನಿಗೆ ಬಂದ ಇಂಗ್ಲಿಷ್ ಮೆಸೇಜು ಬ್ಯಾಂಕಿನವರದೋ ಸಿಮ್ಮಿನವರದೋ ಎಂದು ಹಾಗೇ ಉಳಿಯುತ್ತದೆ. ಎಷ್ಟೋ ಗಾಡಿಗಳ ದಾಖಲೆಯಲ್ಲಿ ಇರುವುದು ನೋಂದಣಿ ಮಾಡಿಸಿದ ಏಜೆಂಟರ ನಂಬರು, ಇಲ್ಲವೇ ಎಂದೋ ಬಿಟ್ಟುಹೋದ ಸಿಮ್ಮಿನ ನಂಬರು. ಹೀಗೆ ತಿಳಿಯದೇ ಬಾಕಿ ಉಳಿದವರನ್ನು ಬೇಕೆಂದೇ ಕಟ್ಟದವರ ಸಾಲಿಗೆ ಸೇರಿಸುವುದು ನನ್ನ ಪ್ರಕಾರ ಅನ್ಯಾಯ.

ಬಾಕಿ ಎಷ್ಟು ಬೆಳೆದಿತ್ತು ಎಂಬುದು 2023ರ ಫೆಬ್ರುವರಿಯಲ್ಲಿ ಗೊತ್ತಾಯಿತು. ಲೋಕ ಅದಾಲತ್ ಇದ್ದ ಫೆಬ್ರುವರಿ 11ರೊಳಗೆ ಕಟ್ಟಿದರೆ ಅರ್ಧ ರಿಯಾಯಿತಿ ಎಂದು ಸರ್ಕಾರ ಆದೇಶ ಹೊರಡಿಸಿದ್ದೇ ತಡ, ಜನ ಮುಗಿಬಿದ್ದರು. ಕೆಲವೇ ದಿನಗಳಲ್ಲಿ ಬೆಂಗಳೂರೊಂದರಲ್ಲೇ ನೂರು ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹವಾಯಿತು. ಮಾರ್ಚ್‌ನಲ್ಲಿ ಮತ್ತೆ ರಿಯಾಯಿತಿ ಕೊಟ್ಟರು, ಆಮೇಲೆ 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೂ ಕೊಟ್ಟರು. ಸರ್ಕಾರಕ್ಕೆ ಹಣ ಬಂತು, ಜನರಿಗೆ ಹಗುರಾಯಿತು, ಸರಿ. ಆದರೆ ಪದೇ ಪದೇ ಹೀಗೆ ಕೊಟ್ಟರೆ ಸರಿಯಾದ ಸಮಯಕ್ಕೆ ಪೂರ್ತಿ ದಂಡ ಕಟ್ಟಿದವರಿಗೆ ಏನು ಹೇಳುವುದು? ರಿಯಾಯಿತಿಗಿಂತ ಮೊದಲು ಎಲ್ಲ ಕೇಸುಗಳೂ ಒಂದೇ ಕಡೆ ಕಾಣುವಂತೆ ಮಾಡಬೇಕಿತ್ತು.

ಏಕೆಂದರೆ ಈಗ ಅವು ಒಂದೇ ಕಡೆ ಇಲ್ಲ. ಕೇಂದ್ರದ ಪರಿವಾಹನ್ ಇ-ಚಲನ್ ತಾಣದಲ್ಲಿ ಚಲನ್ ನಂಬರ್, ಡಿಎಲ್ ನಂಬರ್ ಅಥವಾ ಗಾಡಿ ನಂಬರ್ ಹಾಕಿ ಹುಡುಕಬಹುದು. ಗಾಡಿ ನಂಬರ್ ಹಾಕಿದರೆ ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ ಐದು ಅಂಕಿಗಳನ್ನೂ ಕೇಳುತ್ತದೆ, ಹಾಗಾಗಿ ಆರ್‌ಸಿ ಪಕ್ಕದಲ್ಲಿರಲಿ. ಅಲ್ಲಿ ಏನೂ ಕಾಣಲಿಲ್ಲವೆಂದು ನಿಶ್ಚಿಂತರಾಗಬೇಡಿ. ಪೊಲೀಸರು ಹಾಕಿದ ಕೇಸುಗಳನ್ನು ರಾಜ್ಯ ಸರ್ಕಾರದ ಸೇವಾ ತಾಣವಾದ ಕರ್ನಾಟಕ ಒನ್‌ನಲ್ಲೂ ನೋಡಬೇಕು, ಗಾಡಿ ಬೆಂಗಳೂರಿನಲ್ಲಿ ಓಡಿದ್ದರೆ ಅಲ್ಲಿನ ಸಂಚಾರ ಪೊಲೀಸರ ತಾಣದಲ್ಲೂ ನೋಡಬೇಕು. ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಸಿಗುವುದುಂಟು. ಆರ್‌ಟಿಒ ಇನ್ಸ್‌ಪೆಕ್ಟರುಗಳು ಬರೆಯುವ ಚೆಕ್ ರಿಪೋರ್ಟಿನ ಕಥೆಯೇ ಬೇರೆ, ಹಳೆಯದಾದರೆ ಆರ್‌ಟಿಒ ಕಚೇರಿಯಲ್ಲೇ ವಿಚಾರಿಸಬೇಕು. ಲಾರಿ, ಟ್ಯಾಕ್ಸಿ, ಗೂಡ್ಸ್ ಆಟೊ ಇಟ್ಟವರಿಗೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ) ಮಾಡಿಸುವ ಹೊತ್ತಿಗೆ ಇಂಥ ಬಾಕಿ ಅಡ್ಡ ಬರುವುದು ಗೊತ್ತೇ ಇದೆ. ಕೋರ್ಟಿಗೆ ಹೋದ ಕೇಸನ್ನು ಇ-ಕೋರ್ಟ್ಸ್ ತಾಣದಲ್ಲಿ ಪ್ರತಿ ಕೇಸಿಗೂ ಕೊಡುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರಿನಿಂದ ಹುಡುಕಬಹುದು. ಇದೆಲ್ಲ ಕೈಲಾಗದವರು ಆರ್‌ಸಿ ಹಿಡಿದು ಸಂಚಾರ ಠಾಣೆಗೆ ಹೋಗಿ ಕೇಳುವುದೇ ನೇರ ದಾರಿ.

ಕೇಸು ಸಿಕ್ಕಮೇಲೆ ಮೊದಲು ಫೋಟೊ ನೋಡಿ. ನಿಮ್ಮದು ಕಪ್ಪು ಸ್ಕೂಟರ್, ಫೋಟೊದಲ್ಲಿರುವುದು ಕೆಂಪು ಬೈಕ್ ಆಗಿದ್ದರೆ ಯಾರೋ ನಿಮ್ಮ ನಂಬರ್ ಹಾಕಿಕೊಂಡು ಓಡಾಡುತ್ತಿದ್ದಾರೆ, ಇಲ್ಲವೇ ಯಂತ್ರ ಅಂಕಿ ತಪ್ಪು ಓದಿದೆ. ‘ಐನೂರು ತಾನೇ’ ಎಂದು ಕಟ್ಟಿಬಿಡುವವರಿದ್ದಾರೆ. ಕಟ್ಟಿದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ, ನಕಲಿ ನಂಬರಿನವನು ನಾಳೆ ಅಪಘಾತ ಮಾಡಿದರೆ ಪೊಲೀಸರು ಬರುವುದೂ ನಿಮ್ಮ ಮನೆಗೇ. ಹಾಗಾಗಿ ಆರ್‌ಸಿ, ಗಾಡಿಯ ಫೋಟೊ ಸಮೇತ ಕೇಸು ಹಾಕಿದ ಠಾಣೆಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಬೇಕು. ಅದಕ್ಕೂ ಬಗ್ಗದಿದ್ದರೆ ಕೋರ್ಟಿನಲ್ಲಿ ತಕರಾರು ಎತ್ತುವ ಹಕ್ಕು ಇದ್ದೇ ಇದೆ.

ಗಾಡಿ ಮಾರಿದವರ ಪಾಡು ಇನ್ನೂ ಕಷ್ಟದ್ದು. ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಕೀಲಿ ಕೊಟ್ಟರೆ ಮುಗಿಯಿತು ಎಂದುಕೊಳ್ಳುತ್ತಾರೆ. ಕಾಯ್ದೆಯ 50ನೇ ಕಲಂ ಪ್ರಕಾರ ರಾಜ್ಯದೊಳಗೇ ಮಾರಿದರೆ 14 ದಿನದೊಳಗೆ ಮಾರಿದವರು ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ದಾಖಲೆಯಲ್ಲಿ ಹೆಸರು ಇರುವವರೆಗೂ ಅವರೇ ಮಾಲೀಕರು ಎಂದು ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಐನೂರರ ದಂಡಕ್ಕೆ ಹೆದರದವರೂ ಲಕ್ಷಗಟ್ಟಲೆ ಪರಿಹಾರಕ್ಕೆ ಹೆದರಲೇಬೇಕು.

ಎಲ್ಲವೂ ಆನ್‌ಲೈನಿನಲ್ಲಿ ಮುಗಿಯುವುದಿಲ್ಲ. ಕುಡಿದು ಓಡಿಸಿದ ಕೇಸು, 18 ತುಂಬದ ಮಕ್ಕಳ ಕೈಗೆ ಗಾಡಿ ಕೊಟ್ಟ ಕೇಸು ಕೋರ್ಟಿಗೇ ಹೋಗುತ್ತವೆ. ಎರಡನೆಯದಕ್ಕೆ ಹೆತ್ತವರಿಗೆ ಇಲ್ಲವೇ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ ಆಗಬಹುದು. ಸಣ್ಣ ಕೇಸುಗಳನ್ನು ರಾಷ್ಟ್ರೀಯ ಲೋಕ ಅದಾಲತ್ ದಿನ ಹಾಸನದ ನ್ಯಾಯಾಲಯದಲ್ಲೂ ಇತ್ಯರ್ಥ ಮಾಡಿಕೊಳ್ಳಬಹುದು, ಅಲ್ಲಿ ಆದ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ.

ಜನರ ಈ ಗೊಂದಲವನ್ನೇ ಬಂಡವಾಳ ಮಾಡಿಕೊಂಡ ಕಳ್ಳರೂ ಇದ್ದಾರೆ. ವಾಟ್ಸ್ಆ್ಯಪ್‌ನಲ್ಲಿ ‘ಆರ್‌ಟಿಒ ಚಲನ್’ ಎಂಬ ಹೆಸರಿನ ಎಪಿಕೆ ಫೈಲು (ಫೋನಿಗೆ ಆ್ಯಪ್ ಹಾಕುವ ಫೈಲು) ಬಂದರೆ ಒತ್ತಲೇಬೇಡಿ, ಒತ್ತಿದರೆ ಫೋನೇ ಅವರ ಕೈಗೆ ಹೋಗುತ್ತದೆ. ಒತ್ತಿ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬಂದ ಲಿಂಕಿನಿಂದ ಎಂದೂ ದಂಡ ಕಟ್ಟಬೇಡಿ, ತಾಣದ ಹೆಸರನ್ನು ನೀವೇ ಟೈಪ್ ಮಾಡಿ ಒಳಹೋಗಿ. ಕಟ್ಟಿದ ರಸೀದಿಯನ್ನು ಇಟ್ಟುಕೊಂಡು, ಕೆಲವು ದಿನ ಬಿಟ್ಟು ಅದೇ ತಾಣದಲ್ಲಿ ಮತ್ತೊಮ್ಮೆ ನೋಡಿ. ಆಗಲೂ ಬಾಕಿ ಎಂದೇ ತೋರಿಸಿದರೆ ರಸೀದಿ ಹಿಡಿದು ಠಾಣೆಗೆ ಹೋಗಿ ಸರಿಪಡಿಸಿಕೊಂಡು ಬನ್ನಿ, ಆ ಕೇಸು ಪಟ್ಟಿಯಿಂದ ಹೋಗುವವರೆಗೂ ಬಿಡಬೇಡಿ.