ಹುಷಾರಾಗಿದ್ದಾಗಲೇ ಬಂದು ಅಡ್ಮಿಟ್ ಆಗಿ

ಸಿಸ್ಟಿಕ್ ಫೈಬ್ರೋಸಿಸ್ ಇರುವ ಮಗುವಿಗೆ ಎರಡು ವಾರ ಆ್ಯಂಟಿಬಯಾಟಿಕ್ ಡ್ರಿಪ್ ಕೊಡಲು ಮುಂಚೆಯೇ ತಾರೀಖು ಗೊತ್ತು ಮಾಡಿ, ರೂಮು ಕಾದಿರಿಸಿ, ಔಷಧಿ ತರಿಸಿಟ್ಟು ಕೂತಿರುತ್ತೇವೆ. ಮಗು ಬರುವುದಿಲ್ಲ. ಫೋನ್ ಮಾಡಿದರೆ ಎಲ್ಲ ಮನೆಗಳಿಂದಲೂ ಒಂದೇ ಉತ್ತರ: "ಚೆನ್ನಾಗಿದಾನೆ ಡಾಕ್ಟ್ರೇ, ಕೆಮ್ಮೂ ಕಮ್ಮಿ ಆಗಿದೆ. ಜ್ವರ ಗಿರ ಬಂದ್ರೆ ತಕ್ಷಣ ಕರ್ಕೊಂಡು ಬರ್ತೀವಿ."

ಜ್ವರ ಬರಲಿ ಅಂತ ಕಾಯುವುದಕ್ಕೆ ನಾನೇಕೆ ಬೇಕು? ಅದಕ್ಕೆ ಯಾವ ಡಾಕ್ಟರಾದರೂ ಆದೀತು.

ಸಿಸ್ಟಿಕ್ ಫೈಬ್ರೋಸಿಸ್, ನಾವು ಚಿಕ್ಕದಾಗಿ ಸಿಎಫ್ ಅನ್ನುವ ಕಾಯಿಲೆ, ಇರುವ ಮಕ್ಕಳ ಮನೆಯವರಿಗೆ ಅದೇನು ಅಂತ ಹೇಳಬೇಕಾಗಿಲ್ಲ. ಉಳಿದವರಿಗೆ ನಾಲ್ಕು ಮಾತು. ಹುಟ್ಟಿನಿಂದಲೇ ಬರುವ ಕಾಯಿಲೆ. ಜೀವಕೋಶಗಳಲ್ಲಿ ಉಪ್ಪು, ನೀರು ಓಡಾಡುವ ದಾರಿ ಕೆಟ್ಟಿರುತ್ತದೆ. ಅದರಿಂದ ಶ್ವಾಸಕೋಶದ ಕಫ ಅಂಟಂಟಾಗುತ್ತದೆ, ತಿಂದದ್ದು ಸರಿಯಾಗಿ ಜೀರ್ಣವಾಗುವುದಿಲ್ಲ, ಬೆವರಿನಲ್ಲಿ ಉಪ್ಪು ಜಾಸ್ತಿ ಹೋಗುತ್ತದೆ. ತಂದೆ, ತಾಯಿ ಇಬ್ಬರಲ್ಲೂ ಕೆಟ್ಟ ಜೀನ್ ಒಂದೊಂದು ಇದ್ದಾಗ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಮಾವನ ಜೊತೆ, ಅತ್ತೆ ಮಗನ ಜೊತೆ ಮದುವೆಯಾಗುವ ನಮ್ಮ ಕಡೆ ಇದಕ್ಕೆ ದಾರಿ ಇನ್ನೂ ಸಲೀಸು. ಸೊಸೆಯ ದೋಷ ಅನ್ನುವ ಅತ್ತೆಯಂದಿರು ದಯವಿಟ್ಟು ಈ ಸಾಲನ್ನು ಎರಡು ಸಲ ಓದಿ. ಟಿಬಿ ಅಂತಲೋ ಆಸ್ತಮಾ ಅಂತಲೋ ವರ್ಷಗಟ್ಟಲೆ ಔಷಧಿ ತಿಂದು, ಕೊನೆಗೆ ಬೆವರಿನ ಪರೀಕ್ಷೆಯಲ್ಲಿ ಕ್ಲೋರೈಡ್ ಸಿಎಫ್‌ನ ಗಡಿಯಾದ 60 (ಲೀಟರಿಗೆ ಮಿಲಿಮೋಲ್) ದಾಟಿದ ಮೇಲೆ ನಮ್ಮ ಹತ್ತಿರ ಬರುವವರೇ ಹೆಚ್ಚು.

ಈಗ ವಿಷಯಕ್ಕೆ ಬರುತ್ತೇನೆ. ಈ ಅಂಟು ಕಫದಲ್ಲಿ ಸೂಡೋಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಬಂದು ಸೇರಿಕೊಳ್ಳುತ್ತದೆ. ಬಂದ ಹೊಸದರಲ್ಲೇ ಸಿಕ್ಕಿದರೆ ಓಡಿಸಬಹುದು. ತಳವೂರಿತು ಅಂದರೆ ತನ್ನ ಸುತ್ತ ಲೋಳೆಯ ಪದರ ಕಟ್ಟಿಕೊಂಡು ಕೂರುತ್ತದೆ. ಆಮೇಲೆ ಅದನ್ನು ಪೂರ್ತಿ ತೆಗೆಯುವುದು ಬಹುಪಾಲು ಆಗದ ಮಾತು. ಸಂಖ್ಯೆ ಇಳಿಸಬಹುದು, ಅಷ್ಟೇ. ಅದು ಬೇರೆ ನ್ಯುಮೋನಿಯಾದಂತೆ ಗಲಾಟೆ ಮಾಡಿಕೊಂಡು ಬರುವುದಿಲ್ಲ. ಸುಮ್ನೆ ಇರುತ್ತದೆ. ಅದನ್ನು ಕೊಲ್ಲಲು ನಮ್ಮದೇ ದೇಹದ ಬಿಳಿ ರಕ್ತಕಣಗಳು ಮುಗಿಬೀಳುತ್ತವೆ, ಅವು ಕಾರುವ ರಸಕ್ಕೆ ಶ್ವಾಸನಾಳದ ಗೋಡೆಯೇ ಕರಗುತ್ತಾ ಹೋಗುತ್ತದೆ. ಇಷ್ಟೆಲ್ಲ ನಡೆಯುವಾಗ ಹುಡುಗ ಬೀದಿಯಲ್ಲಿ ಕ್ರಿಕೆಟ್ ಆಡುತ್ತಿರುತ್ತಾನೆ.

ಯಾಕೆಂದರೆ ದೇವರು ನಮಗೆ ಬೇಕಾದ್ದಕ್ಕಿಂತ ಜಾಸ್ತಿ ಶ್ವಾಸಕೋಶ ಕೊಟ್ಟಿದ್ದಾನೆ. ಸ್ವಲ್ಪ ಹಾಳಾದರೂ ಮಕ್ಕಳಿಗೆ ಗೊತ್ತೇ ಆಗುವುದಿಲ್ಲ. ಊದಿಸಿ ಅಳೆಯುವ ಸ್ಪೈರೋಮೆಟ್ರಿಯಲ್ಲಿ ಅಂಕಿ ಇರಬೇಕಾದ್ದರ ಶೇಕಡಾ 85ರಿಂದ 75ಕ್ಕೆ ಇಳಿದಿರುತ್ತದೆ, ಮನೆಯವರ ಕಣ್ಣಿಗೆ ಮಗು ಅದೇ ಮಗು. ಕೆಮ್ಮು, ಜ್ವರ, ಸುಸ್ತು ಕಾಣಿಸಿಕೊಳ್ಳುವ ಹೊತ್ತಿಗೆ ಕೆಲಸ ಕೆಟ್ಟಾಗಿರುತ್ತದೆ. ಅಮೆರಿಕದಲ್ಲಿ ನೋಡಿದ್ದಾರೆ: ಹಾಗೆ ಕೆಟ್ಟ ಮೇಲೆ ಚಿಕಿತ್ಸೆ ಪಡೆದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆ ಅಂಕಿ ಹಿಂದಿನ ಮಟ್ಟಕ್ಕೆ ವಾಪಸ್ ಬರಲೇ ಇಲ್ಲ. ಅಗಲವಾಗಿ ಜೋತುಬಿದ್ದ ಶ್ವಾಸನಾಳ ಮತ್ತೆ ಬಿಗಿಯಾಗುವುದು ಅಪರೂಪ.

ಮಂಡ್ಯದವರಿಗೆ ನಾನು ನಾಲೆಯ ಲೆಕ್ಕದಲ್ಲಿ ಹೇಳುತ್ತೇನೆ. ಹೂಳು ಎತ್ತುವುದು ನೀರು ನಿಲ್ಲಿಸಿದಾಗ, ಪೈರು ಇಲ್ಲದಾಗ. ಗದ್ದೆ ಒಣಗುತ್ತಿರುವಾಗ ಗುದ್ದಲಿ ಹಿಡಿದುಕೊಂಡು ಹೋದರೆ ಏನು ಬಂತು? ಇದು ಅವರಿಗೆ ತಕ್ಷಣ ಅರ್ಥವಾಗುತ್ತದೆ. ಮುಂದಿನ ಸಲ ಮತ್ತೆ "ಚೆನ್ನಾಗವ್ನೆ ಸಾರ್" ಅನ್ನುತ್ತಾರೆ, ಅದು ಬೇರೆ ಮಾತು.

ಇನ್ನೊಂದು ವಿಷಯವನ್ನೂ ಹೇಳಿಬಿಡಬೇಕು. ಸೂಡೋಮೊನಾಸ್ ತಳವೂರಿದ ಎಲ್ಲರಿಗೂ ಮೂರು ತಿಂಗಳಿಗೊಮ್ಮೆ ಎರಡು ವಾರ ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್ ಕೊಡುವ ಪದ್ಧತಿಯನ್ನು ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 1976ರಲ್ಲಿ ಶುರು ಮಾಡಿದರು. ಅಲ್ಲಿನವರು ಅದರಿಂದ ಒಳ್ಳೆಯದಾಯಿತು ಅಂದರು. ಆಮೇಲೆ ಬ್ರಿಟನ್ನಿನಲ್ಲಿ ಎರಡು ಗುಂಪು ಮಾಡಿ ಹೋಲಿಸಿದಾಗ, ಹೀಗೆ ಮೊದಲೇ ಕೊಡುವುದಕ್ಕೂ ಲಕ್ಷಣ ಕಂಡಾಗ ಕೊಡುವುದಕ್ಕೂ ಅಂಥ ವ್ಯತ್ಯಾಸ ಸಿಗಲಿಲ್ಲ. ಹಾಗಾಗಿ ಎಲ್ಲ ಡಾಕ್ಟರೂ ಒಂದೇ ಮಾತು ಹೇಳುವುದಿಲ್ಲ, ಎಲ್ಲ ಮಗುವಿಗೂ ಇದು ಬೇಕಾಗಿಲ್ಲ. ಆದರೆ ಆ ಹೋಲಿಕೆಯಲ್ಲಿ ಇನ್ನೊಂದು ಗುಂಪಿನವರು ಸ್ವಲ್ಪ ಲಕ್ಷಣ ಕಂಡರೂ ಆಸ್ಪತ್ರೆಗೆ ಹೋಗುತ್ತಿದ್ದವರು. ಮಳವಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ, ಜ್ವರ ಬಂದ ಹತ್ತನೇ ದಿನಕ್ಕೆ ಮೈಸೂರು ತಲುಪುವವರಲ್ಲ. ನಾನು ತಾರೀಖು ಕೊಡುವುದು ಈ ಕಾರಣಕ್ಕೆ. ನಿಮ್ಮ ಡಾಕ್ಟರು ಬೇರೆ ಕಾರಣ ಹೇಳಿ ಬೇರೆ ದಾರಿ ಹಿಡಿದಿದ್ದರೆ ಅವರ ಮಾತು ಕೇಳಿ.

ಎರಡು ವಾರ ಅಂದರೆ ಎರಡು ವಾರ. ಐದನೇ ದಿನಕ್ಕೆ ಕಫ ತೆಳುವಾಗುತ್ತದೆ, ಊಟ ಸೇರುತ್ತದೆ, ಆಗ ಶುರುವಾಗುತ್ತದೆ ಡಿಸ್ಚಾರ್ಜ್ ರಾಗ. ಒಬ್ಬ ತಂದೆಗೆ ಫ್ಯಾಕ್ಟರಿಯಿಂದ ಕಬ್ಬಿನ ಕಟಿಂಗ್ ಆರ್ಡರ್ ಬಂದುಬಿಟ್ಟಿತ್ತು. ಆರ್ಡರ್ ತಪ್ಪಿದರೆ ಕಬ್ಬು ಒಣಗುತ್ತದೆ, ತೂಕ ಹೋಗುತ್ತದೆ. ಅವರ ಕಷ್ಟ ಸುಳ್ಳಲ್ಲ. ಅದಕ್ಕೇ ಹೇಳುವುದು, ಹುಷಾರಾಗಿದ್ದಾಗ ಬರುವುದಾದರೆ ತಾರೀಖು ನೀವೇ ಆರಿಸಿಕೊಳ್ಳಬಹುದು ಅಂತ. ದಸರಾ ರಜೆ, ಬೇಸಿಗೆ ರಜೆ, ಕಟಾವು ಮುಗಿದ ಮೇಲೆ, ಪರೀಕ್ಷೆಗೆ ಮುಂಚೆ. ಕಾಯಿಲೆ ಬಿದ್ದು ಬಂದರೆ ಕಟಾವನ್ನೂ ಕೇಳುವುದಿಲ್ಲ, ಎಸ್ಸೆಸ್ಸೆಲ್ಸಿಯನ್ನೂ ಕೇಳುವುದಿಲ್ಲ. ಇನ್ಶೂರೆನ್ಸ್‌ನವರು "ಪೇಷಂಟ್ ಚೆನ್ನಾಗಿರುವಾಗ ಅಡ್ಮಿಷನ್ ಯಾಕೆ" ಅಂತ ನಿಮಗಿಂತ ಜೋರಾಗಿ ಕೇಳುತ್ತಾರೆ. ಅವರಿಗೆ ಪತ್ರ ಬರೆದುಕೊಡುವ ಕೆಲಸ ನಮ್ಮದು, ಮುಂಚೆಯೇ ತಿಳಿಸಿ.

ಸಾಮಾನ್ಯವಾಗಿ ಎರಡು ಔಷಧಿ ಜೊತೆಯಾಗಿ ಕೊಡುತ್ತೇವೆ, ಸೆಫ್ಟಾಜಿಡಿಮ್ ಜೊತೆ ಟೋಬ್ರಾಮೈಸಿನ್ ಅಥವಾ ಅಮಿಕಾಸಿನ್ ಥರದ್ದು. ಕಫದ ಕಲ್ಚರ್, ಅಂದರೆ ಅದರಲ್ಲಿ ಯಾವ ಬ್ಯಾಕ್ಟೀರಿಯಾ ಬೆಳೆಯುತ್ತದೆ ಅನ್ನುವ ಪರೀಕ್ಷೆ, ನೋಡಿ ಬದಲಾಗುತ್ತದೆ. ಸಿಎಫ್ ಇರುವವರ ದೇಹ ಇವನ್ನು ಬೇಗ ಹೊರಹಾಕುವುದರಿಂದ ಡೋಸ್ ಬೇರೆಯವರಿಗಿಂತ ಜಾಸ್ತಿ. ಹೊಸ ಫಾರ್ಮಸಿಸ್ಟ್ ಚೀಟಿ ಹಿಡಿದುಕೊಂಡು ನಮ್ಮ ಹತ್ತಿರ ಓಡಿ ಬರುವುದು ಮಾಮೂಲು, ಬರಬೇಕು ಕೂಡ. ಟೋಬ್ರಾಮೈಸಿನ್, ಅಮಿಕಾಸಿನ್ ಥರದ ಔಷಧಿಗಳು ಕಿಡ್ನಿಗೆ, ಕಿವಿಗೆ ತೊಂದರೆ ಕೊಡಬಹುದು. ಹಾಗಾಗಿ ರಕ್ತ ಪರೀಕ್ಷೆ, ಕಿವಿಯ ಪರೀಕ್ಷೆ ಮಾಡಿಸಿ ಅಂದಾಗ ಬಿಲ್ ಏರಿಸುತ್ತಿದ್ದಾರೆ ಅಂತ ಅಂದುಕೊಳ್ಳಬೇಡಿ.

ನಿಜ ಹೇಳಬೇಕೆಂದರೆ ನನಗೆ ಆ ಎರಡು ವಾರದಲ್ಲಿ ಡ್ರಿಪ್‌ಗಿಂತ ಬೇರೆ ವಿಷಯಗಳೇ ಹೆಚ್ಚು ತಿಳಿಯುತ್ತವೆ. ಓಪಿಡಿಯಲ್ಲಿ "ಎಲ್ಲಾ ಕೊಡ್ತಾ ಇದೀವಿ" ಅನ್ನುವವರು ವಾರ್ಡಿನಲ್ಲಿ ಸಿಕ್ಕಿಬೀಳುತ್ತಾರೆ. ಕೊಬ್ಬು ಜೀರ್ಣವಾಗಲಿ ಅಂತ ಕೊಡುವ ಎನ್‌ಜೈಮ್ ಮಾತ್ರೆಯನ್ನು ಮುದ್ದೆ ಊಟಕ್ಕೆ ಕೊಡುತ್ತಾರೆ, ಸಂಜೆಯ ಹಾಲಿಗೆ, ಬೋಂಡಾಗೆ ಕೊಡುವುದಿಲ್ಲ. ಅದು ತಿಂಡಿ, ಊಟ ಅಲ್ಲವಂತೆ! ಕೊಬ್ಬು ಇರುವುದು ಆ ಬೋಂಡಾದಲ್ಲೇ ಅಲ್ವಾ? ಔಷಧಿಯನ್ನು ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್‌ನ ಬಟ್ಟಲನ್ನು ನಲ್ಲಿಯಲ್ಲಿ ತೊಳೆದು, ಒದ್ದೆಯಾಗಿಯೇ ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟುತ್ತಾರೆ. ಸೂಡೋಮೊನಾಸ್‌ಗೆ ತೇವ ಅಂದರೆ ತವರು. ಕಫ ಹೊರಗೆ ತೆಗೆಸುವ ಫಿಸಿಯೋಥೆರಪಿಯಂತೂ ಮಗು ಕೆಮ್ಮಿದ ದಿನ ಮಾತ್ರ. ಎಲ್ಲದಕ್ಕೂ ಕಾರಣ ಅದೇ: ಚೆನ್ನಾಗಿದಾನಲ್ಲ!

ಒಬ್ಬ ಅಜ್ಜಿ ನನ್ನ ಕೈ ಹಿಡಿದುಕೊಂಡು, "ಹುಸಾರಾಗಿರೋ ಕೂಸ್ನ ಆಸ್ಪತ್ರೆಗೆ ಕರ್ಕೊಬಂದ್ರೆ ಇಲ್ಲದ ಕಾಯ್ಲೆ ಅಂಟ್ಕೊಳ್ಳಕಿಲ್ವಾ ಮಗ?" ಅಂದರು. ಅಜ್ಜಿಯ ಮಾತು ಅರ್ಧ ಸರಿ. ಆಸ್ಪತ್ರೆಯ ರೋಗಾಣುಗಳು ಕೆಟ್ಟವೇ. ಅದಕ್ಕೇ ಜನರಲ್ ವಾರ್ಡ್ ಬೇಡ, ಬೇರೆ ರೂಮು ಬೇಕು ಅನ್ನುತ್ತೇವೆ. ಸಿಎಫ್ ಇರುವ ಇಬ್ಬರು ಮಕ್ಕಳನ್ನು ಅಕ್ಕಪಕ್ಕ ಬಿಡುವ ಹಾಗೇ ಇಲ್ಲ, ಒಬ್ಬರ ಬ್ಯಾಕ್ಟೀರಿಯಾ ಇನ್ನೊಬ್ಬರಿಗೆ ಹಬ್ಬುತ್ತದೆ. ಒಮ್ಮೆ ಇಬ್ಬರು ಅಮ್ಮಂದಿರು ಕಾರಿಡಾರಿನಲ್ಲಿ ಗೆಳತಿಯರಾದರು. ಇಂಥ ಕಾಯಿಲೆಯ ಮಗು ಇರುವ ಇನ್ನೊಬ್ಬ ತಾಯಿಯನ್ನು ಅವರು ಅದೇ ಮೊದಲು ನೋಡಿದ್ದು. ಮುಂದಿನ ಸಲ ಇಬ್ಬರಿಗೂ ಒಂದೇ ರೂಮು ಕೊಡಿ ಅಂತ ಕೇಳಿದರು. ಆಗಲ್ಲ ಅಂದೆ, ಕಣ್ಣಲ್ಲಿ ನೀರು ಹಾಕಿಕೊಂಡರು. ಈಗ ಹುಡುಗರು ಬೇರೆ ಬೇರೆ ಮಹಡಿಯಲ್ಲಿ ಮಲಗಿ ಮೊಬೈಲಿನಲ್ಲಿ ಒಟ್ಟಿಗೆ ಗೇಮ್ ಆಡುತ್ತಾರೆ, ಅಮ್ಮಂದಿರು ರಾತ್ರಿ ಫೋನಿನಲ್ಲಿ ನನ್ನನ್ನು ಬೈದುಕೊಳ್ಳುತ್ತಾರೆ ಅಂತ ಸಿಸ್ಟರ್ ಹೇಳಿದರು. ಬೈದುಕೊಳ್ಳಲಿ.

"ಹೊಸ ಮಾತ್ರೆ ಬಂದಿದೆಯಂತಲ್ಲ, ಇನ್ನು ಇದೆಲ್ಲ ಯಾಕೆ?" ಅನ್ನುವವರೂ ಇದ್ದಾರೆ. ಹೌದು, ಮೂರು ಔಷಧಿ ಸೇರಿದ ಮಾತ್ರೆಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಅದು ಸಿಗುವ ದೇಶಗಳಲ್ಲಿ ಇಂಥ ಅಡ್ಮಿಷನ್‌ಗಳು ಬಹಳ ಕಡಿಮೆಯಾಗಿವೆ. ಆದರೆ ಅದು ಎಲ್ಲ ಬಗೆಯ ಜೀನ್ ದೋಷಕ್ಕೂ ಕೆಲಸ ಮಾಡುವುದಿಲ್ಲ. ಯುರೋಪಿನಲ್ಲಿ ಹೆಚ್ಚು ಕಾಣುವ ದೋಷ ನಮ್ಮ ಮಕ್ಕಳಲ್ಲಿ ಅಷ್ಟಿಲ್ಲ. ಬೆಲೆಯ ಮಾತು ಬಿಡಿ. ಜೀನ್ ಪರೀಕ್ಷೆಯ ರಿಪೋರ್ಟ್ ಜೋಪಾನವಾಗಿಡಿ, ಮುಂದೆ ಬೇಕಾಗುತ್ತದೆ.

ಬರುವಾಗ ಮನೆಯ ನೆಬ್ಯುಲೈಸರ್ ತನ್ನಿ, ತೊಳೆದು ಹೊಳೆಯುವಂತೆ ಮಾಡಿ ತರಬೇಡಿ, ದಿನಾ ಹೇಗೆ ಇಡುತ್ತೀರೋ ಹಾಗೇ ತನ್ನಿ. ಎನ್‌ಜೈಮ್ ಡಬ್ಬಿ, ಹಳೆಯ ಕಲ್ಚರ್ ರಿಪೋರ್ಟುಗಳು, ಮಗುವಿನ ಶಾಲೆಯ ಪುಸ್ತಕ. ಬೇಸಿಗೆಯಾದರೆ ದಾರಿಯಲ್ಲಿ ಕುಡಿಸಲು ಉಪ್ಪು ಹಾಕಿದ ಮಜ್ಜಿಗೆ. ನೆಗಡಿ ಇರುವ ಚಿಕ್ಕಪ್ಪ, ದೊಡ್ಡಪ್ಪಂದಿರು ನೋಡಲು ಬರುವುದು ಬೇಡ, ಫೋನ್ ಮಾಡಿದರೆ ಸಾಕು.