ಕೆರೆಯ ಪಾಚಿ ಹಸುವಿಗೆ ಹಾಕಬಹುದೆ?

ಪ್ರಶ್ನೆ: ಪಾಚಿ ತಿನ್ನಿಸಿದರೆ ಹಸು ಬಿಡುವ, ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಶೇ. 80ರಷ್ಟು ಕಡಿಮೆಯಾಗುತ್ತದೆ ಎಂದು ಓದಿದೆ. ನಮ್ಮೂರ ಕೆರೆಯಲ್ಲಿ ಬೇಕಾದಷ್ಟು ಪಾಚಿ ಇದೆ. ಒಣಗಿಸಿ ಬೂಸಾದ ಜೊತೆ ಕೊಡಬಹುದೆ?
(ಅರಸೀಕೆರೆ ಕಡೆಯ ಓದುಗರು)

ಉತ್ತರ: ಕೂಡದು. ಇದೇ ಪ್ರಶ್ನೆ ಚನ್ನರಾಯಪಟ್ಟಣದಿಂದ ಬಂತು, ಕಡೂರಿನಿಂದ ಎರಡು ಸಲ ಬಂತು, ಬೆಳಿಗ್ಗೆ ಡೈರಿಯ ಮುಂದೆ ಕ್ಯಾನ್ ಹಿಡಿದು ನಿಂತವರೂ ಕೇಳಿದರು. ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಆದ್ದರಿಂದ ಈ ಸಲ ಬರೆದೇ ಬಿಡುತ್ತೇನೆ.

ತೊಡಕಿರುವುದು 'ಪಾಚಿ' ಎಂಬ ಪದದಲ್ಲಿ. ನಮಗೆ ಬಾವಿಯ ಮೆಟ್ಟಿಲ ಮೇಲೆ ಕಾಲು ಜಾರಿಸುವುದೂ ಪಾಚಿ, ಕೆರೆಯ ಹಸಿರು ಕೆನೆಯೂ ಪಾಚಿ, ಟಾರ್ಪಾಲಿನ್ ಗುಂಡಿಯಲ್ಲಿ ಬೆಳೆಸುವ ಅಜೋಲಾವೂ ಪಾಚಿ. (ಅಜೋಲಾ ಜರಿಗಿಡದ ಜಾತಿ, ಪಾಚಿಯಲ್ಲ. ಒಳ್ಳೆಯ ಮೇವು, ಧಾರಾಳವಾಗಿ ಕೊಡಿ. ಈ ಸುದ್ದಿಗೂ ಅದಕ್ಕೂ ಸಂಬಂಧವಿಲ್ಲ.) ನೀವು ಓದಿದ್ದು ಅಸ್ಪರಾಗಾಪ್ಸಿಸ್ ಎಂಬ ಕೆಂಪು ಕಡಲಪಾಚಿಯ ವಿಷಯ. ಅದರಲ್ಲಿ ಬ್ರೋಮೋಫಾರ್ಮ್ ಎಂಬ ರಾಸಾಯನಿಕವಿದೆ. ಹಸುವಿನ ಮೊದಲ ಹೊಟ್ಟೆಯಲ್ಲಿ ಮೇವು ಹುಳಿಯುವಾಗ ಹುಟ್ಟುವ ಹೈಡ್ರೋಜನ್ ಅನ್ನು ಮೀಥೇನ್ ಮಾಡುವ ಸೂಕ್ಷ್ಮಜೀವಿಗಳಿವೆ. ಅವುಗಳ ಕೊನೆಯ ಹಂತದ ಕಿಣ್ವಕ್ಕೆ ಬ್ರೋಮೋಫಾರ್ಮ್ ಅಡ್ಡಗಾಲು ಹಾಕುತ್ತದೆ, ಅಷ್ಟೆ. ಅಂದ ಹಾಗೆ ಆ ಮೀಥೇನ್ ಹೊರಬರುವುದು ಹೆಚ್ಚಾಗಿ ಬಾಯಿಂದ, ತೇಗಿನಲ್ಲಿ. ನಗುನಗುತ್ತಾ ಹಸುವಿನ ಹಿಂಭಾಗದತ್ತ ಬೆರಳು ತೋರಿಸುವವರು ಒಂದು ಮಧ್ಯಾಹ್ನ ಮೆಲುಕು ಹಾಕುವ ಹಸುವಿನ ಮುಂದೆ ಕುಳಿತು ನೋಡಲಿ.

ಕೆರೆಯ ಕೆನೆಯಲ್ಲಿ ಈ ಗುಣ ಇಲ್ಲ. ಇಲ್ಲದಿದ್ದರೆ ಬಿಡಿ, ನಷ್ಟವೇನು ಎನ್ನುವಂತೆಯೂ ಇಲ್ಲ, ಏಕೆಂದರೆ ಅಲ್ಲಿ ವಿಷ ಇರಬಹುದು. ಬೇಸಿಗೆಯಲ್ಲಿ ನೀರು ಇಳಿದು, ಹೊಲದ ಗೊಬ್ಬರ, ಊರಿನ ಚರಂಡಿ ಎಲ್ಲ ಬಂದು ಸೇರಿದಾಗ ಕೆರೆಯ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ಕಾಣುತ್ತದಲ್ಲ, ಅದು ಬಹುಮಟ್ಟಿಗೆ ನೀಲಿ-ಹಸಿರು ಪಾಚಿ, ಅಂದರೆ ಒಂದು ಬಗೆಯ ಬ್ಯಾಕ್ಟೀರಿಯಾ. ಅದರ ಕೆಲವು ಜಾತಿಗಳು ಮಾಡುವ ವಿಷ ನೇರವಾಗಿ ಯಕೃತ್ತಿಗೆ ಎರಗುತ್ತದೆ, ಇನ್ನು ಕೆಲವದ್ದು ನರಗಳಿಗೆ. ಹೆಚ್ಚು ಕುಡಿದ ಹಸು ಕೆಲವು ಗಂಟೆಗಳಲ್ಲೇ ಸಾಯಬಹುದು. ಉಳಿದುಕೊಂಡ ಸೀಮೆಹಸುವಿನ ಮೈ ನೋಡಬೇಕು: ಬಿಳಿ ಮಚ್ಚೆಯ ಚರ್ಮ ಬಿಸಿಲಿಗೆ ಸುಟ್ಟು ಸುಲಿದಿರುತ್ತದೆ, ಪಕ್ಕದ ಕಪ್ಪು ಮಚ್ಚೆ ಹಾಗೆಯೇ ಇರುತ್ತದೆ. ಯಕೃತ್ತು ಕೆಟ್ಟದ್ದರ ಗುರುತು ಅದು.

"ನಮ್ಮ ಹಸು ಅದೇ ಕೆರೆಯಲ್ಲಿ ಕುಡಿಯುತ್ತದೆ, ಏನೂ ಆಗಿಲ್ಲ" ಎನ್ನುತ್ತೀರಿ. ಕೆನೆಯನ್ನು ಗಾಳಿ ಒಂದು ದಡಕ್ಕೆ ತಳ್ಳುತ್ತದೆ, ನಿಮ್ಮ ಹಸು ಇನ್ನೊಂದು ದಡದಲ್ಲಿ ಕುಡಿದಿರುತ್ತದೆ. ಎಲ್ಲ ಕೆನೆಯೂ ವಿಷವಲ್ಲ ನಿಜ, ಆದರೆ ಈ ವಾರ ಸುಮ್ಮನಿದ್ದದ್ದು ಮುಂದಿನ ವಾರ ವಿಷವಾಗಬಹುದು, ಕಣ್ಣಿಗೆ ವ್ಯತ್ಯಾಸ ಕಾಣದು. ಒಣಗಿಸಿದರೆ ಹೋಗುತ್ತದೆಯೆ? ಇಲ್ಲ, ನೀರಷ್ಟೇ ಹೋಗುತ್ತದೆ. ಬೇಯಿಸಿದರೆ? ಯಕೃತ್ತಿನ ವಿಷ ಕುದಿಗೂ ಜಗ್ಗುವುದಿಲ್ಲ. ಇಂತಹ ಕೆನೆ ಕುಡಿದು ಜಾನುವಾರು ಸತ್ತದ್ದನ್ನು 1878ರಷ್ಟು ಹಿಂದೆಯೇ ವಿಜ್ಞಾನಪತ್ರಿಕೆಯಲ್ಲಿ ವರದಿ ಮಾಡಿದ್ದಾರೆ, ದಕ್ಷಿಣ ಆಸ್ಟ್ರೇಲಿಯಾದ ಅಲೆಕ್ಸಾಂಡ್ರಿನಾ ಸರೋವರದಿಂದ. ಕೆಂಪು ಕಡಲಪಾಚಿಯ ಗುಣವನ್ನು ಮೊದಲು ತೋರಿಸಿದವರೂ ಆಸ್ಟ್ರೇಲಿಯಾದವರೇ. ಅವೆರಡೂ ಬೇರೆ ಬೇರೆ.

ಇನ್ನು ಆ ಶೇ. 80. ಅದು 2021ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 21 ಹೋರಿಗಳ ಮೇಲೆ 147 ದಿನ ನಡೆಸಿದ ಪ್ರಯೋಗದ್ದು. ಅಷ್ಟು ಇಳಿದದ್ದು ಧಾನ್ಯ ಹೆಚ್ಚು, ಹುಲ್ಲು ಕಡಿಮೆ ಇದ್ದ ಮೇವಿನಲ್ಲಿ. ಹುಲ್ಲು ಹೆಚ್ಚಾದಾಗ ಇಳಿತವೂ ಕಡಿಮೆ. ರಾಗಿ ಹುಲ್ಲು ತಿನ್ನುವ ನಮ್ಮ ಹಸುಗಳು ಯಾವ ಕಡೆ ಎಂದು ನೀವೇ ಹೇಳಿ. ಆ ಕಡಲಪಾಚಿಯನ್ನು ಬಿಸಿಲಿಗೆ ಹರವಿದರೆ ಬ್ರೋಮೋಫಾರ್ಮ್ ಬಹುಪಾಲು ಆವಿಯಾಗುತ್ತದೆ, ಹೆಚ್ಚು ಹಾಕಿದರೆ ಹಸು ಮೇವು ಬಿಡುತ್ತದೆ, ಹಾಲಿನಲ್ಲಿ ಅಯೋಡಿನ್ ಏರುತ್ತದೆ. ಬೆಂಗಳೂರಿನ ಆಡುಗೋಡಿಯ ರಾಷ್ಟ್ರೀಯ ಪ್ರಾಣಿ ಪೋಷಣಾ ಸಂಸ್ಥೆಯವರು ಒಗರಿನ ಅಂಶವಿರುವ ಸಸ್ಯಗಳಿಂದ 'ಹರಿತ ಧಾರಾ' ಎಂಬ ಪುಡಿ ಮಾಡಿದ್ದಾರೆ, ಅದರಿಂದ ಶೇ. 17ರಿಂದ 20 ಇಳಿಯುತ್ತದೆ. ಹುಣಸೆ ಬೀಜದ ಸಿಪ್ಪೆಯೂ ಒಗರೇ, ಹಾಗೆಂದು ನಾಳೆಯೇ ಅದನ್ನು ಕುಟ್ಟಲು ಕೂರಬೇಡಿ.

ಯಾರೂ ಕೇಳದ ಒಂದು ಮಾತು. ಮೂಡಿಗೆರೆ ಕಡೆಯ ಮಲೆನಾಡು ಗಿಡ್ಡ ತಳಿಯ ಹಸು ಕಡಿಮೆ ತೇಗುತ್ತದೆಯೆ? ಸಣ್ಣ ಮೈ, ಕಡಿಮೆ ಮೇವು, ಆದ್ದರಿಂದ ಒಂದು ಹಸುವಿನ ಲೆಕ್ಕಕ್ಕೆ ಮೀಥೇನ್ ಕಡಿಮೆ. ಹಾಲಿನ ಲೀಟರಿಗೆ ಲೆಕ್ಕ ಹಾಕಿದರೆ ಸೀಮೆಹಸುವಿನದೇ ಕಡಿಮೆ ಬರುತ್ತದೆ. ಹಾಗಾದರೆ ಎಲ್ಲಕ್ಕಿಂತ ದುಬಾರಿ ತೇಗು ಯಾವುದು? ಎರಡು ಮೂರು ಸಲ ಇಂಜೆಕ್ಷನ್ ಕೊಡಿಸಿದರೂ ಗಬ್ಬ ನಿಲ್ಲದೆ, ವರ್ಷವಿಡೀ ಹುಲ್ಲು ತಿಂದು ಕೊಟ್ಟಿಗೆಯಲ್ಲಿ ನಿಂತ ಹಸುವಿನದು. ಅದರ ತೇಗನ್ನು ಭಾಗಿಸಲು ಒಂದು ಲೋಟ ಹಾಲೂ ಇಲ್ಲ. ಅಂತಹ ಹಸು ನಿಮ್ಮಲ್ಲಿದ್ದರೆ ಪಶುವೈದ್ಯರಿಗೆ ತೋರಿಸಿ, ದಿನವೂ ಖನಿಜ ಮಿಶ್ರಣ ಕೊಡಿ, ಬೆದೆಗೆ ಬಂದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಡಿ. ಸುಮಾರು 21 ದಿನಕ್ಕೆ ಮತ್ತೆ ಬರುತ್ತದೆ.